ಹೊನ್ನೂರಿಗೆ ನಾನು ಹೋಗದ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಕಟ್ಟುವುದೇ ಆಗಿದ್ದರೆ ನನಗೆ ಸ್ವಲ್ಪವಾದರೂ ಮರ್ಯಾದೆ ಉಳಿಯುವ ಹಾಗೆ ಕಟ್ಟುತ್ತಿದ್ದೆ.

ನನ್ನ ಹೆಸರು ಸವಿತಾ. ಊರು ಹನೂರಿನ ಕಡೆ. ಈಗ ಇರುವುದು ಕೊಳ್ಳೇಗಾಲದಲ್ಲಿ, ನೇಕಾರರ ಬೀದಿಯೊಂದರ ಮಹಡಿ ಮೇಲಿನ ಒಂಟಿ ರೂಮಿನಲ್ಲಿ. ಕೆಲಸ ನರ್ಸಿನದು. ಆದರೆ ವಾರ್ಡಿನಲ್ಲಿ ಮಾಡುವ ಕೆಲಸವಲ್ಲ. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿರುತ್ತಾರಲ್ಲ, ಅಂಥವರ ಮನೆಗಳಿಗೆ ಹೋಗಿ ಕೊನೆಯವರೆಗೆ ನೋಡಿಕೊಳ್ಳುವ ಕೆಲಸ. ನಮ್ಮದು ಚಿಕ್ಕ ಆರೈಕೆ ಕೇಂದ್ರ, ಹೆಸರು ಬೇಡ. ಮೂರು ಜನ ನರ್ಸುಗಳು, ವಾರಕ್ಕೆರಡು ದಿನ ಬರುವ ಡಾಕ್ಟರು, ಒಂದು ಹಳೆಯ ವ್ಯಾನು. ಹಗಲು ವ್ಯಾನಿನಲ್ಲಿ ಮೂರು ತಾಲ್ಲೂಕು ಸುತ್ತುತ್ತೇವೆ. ರಾತ್ರಿ ಯಾರ ಕೈಯಲ್ಲಿ ಡ್ಯೂಟಿ ಫೋನು ಇರುತ್ತದೋ ಅವರು ಕರೆ ಬಂದರೆ ಸ್ಕೂಟರ್ ಹತ್ತಿ ಹೊರಡಬೇಕು.

ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮ ಹಿರಿಯ ಸಿಸ್ಟರ್ ರಾಜಮ್ಮ. ಹುಣ್ಣು ವಾಸನೆ ಹೊಡೆದರೆ ಯಾವ ಮಾತ್ರೆ ಪುಡಿ ಮಾಡಿ ಉದುರಿಸಬೇಕು, ಬೆನ್ನು ಒಡೆಯದ ಹಾಗೆ ಹೇಗೆ ಹೊರಳಿಸಬೇಕು, ನೀರು ನುಂಗಲಾರದವರ ತುಟಿಯನ್ನು ಹೇಗೆ ಒದ್ದೆ ಮಾಡಬೇಕು, ಮಾರ್ಫಿನ್ ಎಂದರೆ ಹೆದರುವ ಮನೆಯವರಿಗೆ ಹೇಗೆ ತಿಳಿಸಿ ಹೇಳಬೇಕು... ಎಲ್ಲ ಚೆನ್ನಾಗಿ ಕಲಿತೆ. ನನ್ನ ಕೈ ಹಗುರ ಎಂದು ರೋಗಿಗಳು ಹೇಳುತ್ತಿದ್ದರು. ಸವಿತಾ ಸಿಸ್ಟರೇ ಬರಲಿ ಎಂದು ಕೇಳಿ ಕರೆಸಿಕೊಳ್ಳುತ್ತಿದ್ದರು.

ಆದರೆ ಯಾರಿಗೂ ತಿಳಿಯದ ಒಂದು ವಿಷಯವಿತ್ತು. ನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಒಬ್ಬರ ಕೊನೆಯ ಗಳಿಗೆಯಲ್ಲೂ ಪಕ್ಕದಲ್ಲಿ ಕೂತವಳಲ್ಲ.

ಹೆಣಕ್ಕೆ ನನಗೆ ಭಯವಿಲ್ಲ. ತೊಳೆದು, ಒರೆಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ ಎಲ್ಲ ಮಾಡುತ್ತೇನೆ. ಆದರೆ ಆ ಉಸಿರು... ನಿಂತು, ಮತ್ತೆ ಬಂದು, ಮತ್ತೆ ನಿಂತು... ಅದನ್ನು ಕೇಳುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಏನಾದರೊಂದು ನೆಪ ಹೂಡುತ್ತಿದ್ದೆ. ಔಷಧಿ ತರುತ್ತೇನೆ, ಡಾಕ್ಟರಿಗೆ ಫೋನು ಮಾಡಿ ಬರುತ್ತೇನೆ, ಇನ್ನೊಂದು ಮನೆಗೆ ಹೋಗಬೇಕು. ಎಲ್ಲ ಮುಗಿದ ಮೇಲೆ ಸರಿಯಾಗಿ ಬಂದು ನಿಲ್ಲುತ್ತಿದ್ದೆ. ಅದರಲ್ಲಿ ನಾನು ಪಳಗಿಬಿಟ್ಟಿದ್ದೆ.

ಹೊನ್ನೂರಿನ ನಂಜಯ್ಯನವರಿಗೆ ಗಂಟಲ ಕ್ಯಾನ್ಸರು. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ ಆಳು. ಕೊಪ್ಪರಿಗೆಯ ಮುಂದೆ ನಿಂತು ಬರೀ ವಾಸನೆಯಲ್ಲೇ ಪಾಕ ಹೇಳುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಮೂಳೆ ಚಕ್ಕಳ. ಎರಡು ತಿಂಗಳಿಂದ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ. ಅಕ್ಷರ ಬರದವರು, ಬರೆದು ತೋರಿಸುವ ಹಾಗೂ ಇಲ್ಲ. ನೀರು ಬೇಕಾದರೆ ಹೆಬ್ಬೆರಳು, ಹೊರಳಿಸಬೇಕಾದರೆ ಅಂಗೈ. ಅಷ್ಟೇ ಅವರ ಮಾತು.

ನೋಡಿಕೊಳ್ಳುತ್ತಿದ್ದವರು ಹೆಂಡತಿ ಮಾದೇವಮ್ಮ ಮತ್ತು ಮಗಳು ಗೀತಾ. ಗೀತಾಳನ್ನು ಯಳಂದೂರಿಗೆ ಕೊಟ್ಟಿತ್ತು, ಅಲ್ಲಿ ಬಟ್ಟೆ ಹೊಲಿಯುತ್ತಾಳೆ. ಅಪ್ಪನಿಗೆ ಜೋರಾದ ಮೇಲೆ ಹೊಲಿಗೆ ಮಿಷನ್ನನ್ನು ಆಟೋದಲ್ಲಿ ಹಾಕಿಸಿಕೊಂಡು ತವರಿಗೇ ಬಂದುಬಿಟ್ಟಿದ್ದಳು.

ಒಂದು ಮಧ್ಯಾಹ್ನ ನಾನು ಡ್ರೆಸ್ಸಿಂಗ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಾದೇವಮ್ಮ ನೀರು ಹಾಕುತ್ತ ಒಂದು ವಿಷಯ ಹೇಳಿದರು. ಗೀತಾ ಹುಟ್ಟುವ ಮುಂಚೆ ಅವರಿಗೊಂದು ಗಂಡು ಮಗುವಿತ್ತು. ಮಾದೇಶ ಎಂದು ಹೆಸರು. ಮೂರು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ನಾಟಿ ಕೆಲಸಕ್ಕೆ ಹೋದಾಗ ಬದುವಿನ ಮೇಲೆ ಕೂರಿಸಿ ಗದ್ದೆಗೆ ಇಳಿದಿದ್ದರು. ತಲೆ ಎತ್ತಿ ನೋಡಿದಾಗ ಬದು ಖಾಲಿ. ಮಗು ಕಾಲುವೆಯಲ್ಲಿ ಸಿಕ್ಕಿತಂತೆ. ಆ ಸಂಜೆ ಗಂಡ ಬಂದು ಒಂದೇ ಮಾತು ಕೇಳಿದರಂತೆ.

"ನೀನೆಲ್ಲಿದ್ದೆ?"

ಆಮೇಲೆ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಮಗುವಿನ ಹೆಸರನ್ನೂ ಎತ್ತಲಿಲ್ಲ. ಗೀತಾ ಹುಟ್ಟಿ, ಬೆಳೆದು, ಮದುವೆಯಾಗಿ, ಅವಳಿಗೆ ಮಕ್ಕಳಾದರೂ ಇಲ್ಲ. "ಬೈದುಬುಟ್ಟಿದ್ರೆ ಚೆಂದಾಗಿತ್ತು ಕಣವ್ವ" ಎಂದರು ಮಾದೇವಮ್ಮ. ನಾನು ಅವರ ಕೈ ಹಿಡಿದುಕೊಂಡು ನಿಂತಿದ್ದೆ. ಹೀಗೆ ಕೇಳಿಸಿಕೊಳ್ಳುವುದೂ ನಮ್ಮ ಕೆಲಸವೇ.

ಇದಾಗಿ ಹತ್ತು ದಿನಕ್ಕೆ ಆ ರಾತ್ರಿ ಬಂತು.

ಚಳಿಗಾಲ. ಹತ್ತೂವರೆ ಹೊತ್ತಿಗೆ ಡ್ಯೂಟಿ ಫೋನು ಹೊಡೆದುಕೊಂಡಿತು. ಗೀತಾ. ಅಪ್ಪನ ಉಸಿರು ಒಂಥರಾ ಆಗಿದೆ, ಗಂಟಲಲ್ಲಿ ಗೊರಗೊರ ಸದ್ದು, ಅವ್ವ ಹೆದರಿಕೊಂಡಿದ್ದಾಳೆ, ಸ್ವಲ್ಪ ಬನ್ನಿ ಎಂದಳು. ಫೋನಿನಲ್ಲೇ ಆ ಸದ್ದು ನನಗೆ ಕೇಳಿಸಿತು. ಬೆಳಗಿನೊಳಗೆ ಹೋಗುತ್ತಾರೆ ಎಂದು ಗೊತ್ತಾಯಿತು. ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ನಾನು ಹೊರಟೆ ಎಂದು ಹೇಳಿದೆ.

ಹೊರಟಿದ್ದು ನಿಜ. ಸ್ವೆಟರ್ ಹಾಕಿಕೊಂಡು, ಮಾಸ್ಕು ಏರಿಸಿ, ಹೆಲ್ಮೆಟ್ ಕಟ್ಟಿ, ಬ್ಯಾಗು ಮುಂದಿಟ್ಟುಕೊಂಡು ಯಳಂದೂರು ರಸ್ತೆಗೆ ಬಿದ್ದೆ. ನನ್ನ ಸ್ಕೂಟರಿನ ನಂಬರ್ ಪ್ಲೇಟಿನ ಒಂದು ಬೋಲ್ಟು ಬಿದ್ದುಹೋಗಿ ದಾರಿಯುದ್ದಕ್ಕೂ ಟಕಟಕ ಎನ್ನುತ್ತಿತ್ತು. ಎರಡೂ ಕಡೆ ಕಬ್ಬಿನ ಗದ್ದೆ. ಎಲ್ಲೋ ಆಲೆಮನೆಯಲ್ಲಿ ಒಲೆ ಉರಿಯುತ್ತಿರಬೇಕು, ಗಾಳಿಯಲ್ಲಿ ಬೆಲ್ಲದ ವಾಸನೆ.

ಮಾಂಬಳ್ಳಿ ಹತ್ತಿರ ಬಂತು. ಒಂದು ಟೀ ಅಂಗಡಿ ಬಾಗಿಲು ಹಾಕಿತ್ತು. ಮುಂದೊಂದು ಕಲ್ಲಿನ ಬೆಂಚು, ಮೇಲೊಂದು ಬೀದಿ ದೀಪ.

ಎರಡು ನಿಮಿಷ ಕೂತು ಹೋಗೋಣ ಎಂದು ಗಾಡಿ ನಿಲ್ಲಿಸಿದೆ.

ಎರಡು ನಿಮಿಷ ಹತ್ತಾಯಿತು. ಹತ್ತು ಅರ್ಧ ಗಂಟೆಯಾಯಿತು. ಫೋನು ಬಂತು. "ಬರ್ತಾ ಇದ್ದೀನಿ ಗೀತಾ, ಗಾಡಿ ಪಂಚರ್ ಆಗಿದೆ, ಸರಿ ಮಾಡಿಸ್ಕೊಂಡು ಬಂದೆ" ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಹನ್ನೆರಡಕ್ಕೆ ಇನ್ನೊಂದು ಸಲ ಬಂತು. ಅದನ್ನು ಎತ್ತಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅದರ ಬೆಳಕು ಆರುವವರೆಗೆ ನೋಡುತ್ತ ಕೂತೆ.

ಬ್ಯಾಗಿನಲ್ಲಿ ಆ ಗೊರಗೊರ ಕಡಿಮೆ ಮಾಡುವ ಇಂಜೆಕ್ಷನ್ ಇತ್ತು. ನೋವಿನ ಔಷಧಿ ಇತ್ತು. ಹೊನ್ನೂರು ಇನ್ನು ಹತ್ತು ನಿಮಿಷದ ದಾರಿ... ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕೂತಿದ್ದೆ.

ಆಗ ಕೇಳಿಸಿತು.

ಟಕಟಕ... ಟಕಟಕ...

ಕೊಳ್ಳೇಗಾಲದ ಕಡೆಯಿಂದ ಒಂದು ಸ್ಕೂಟರು ಬರುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಾನು ನನ್ನ ಗಾಡಿ ಕಡೆ ತಿರುಗಿ ನೋಡಿದೆ. ಅದು ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿ ನಿಂತಿತ್ತು. ಕೀ ನನ್ನ ಮುಷ್ಟಿಯಲ್ಲಿತ್ತು.

ಬೀದಿ ದೀಪದ ಬೆಳಕಿಗೆ ಬರುವ ಮೊದಲೇ ಆ ಗಾಡಿಯ ಲೈಟು ನನ್ನ ಕಣ್ಣಿಗೆ ಹೊಡೆಯಿತು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ದಾಟಿಹೋಗಿತ್ತು. ಕಂಡಿದ್ದು ಬೆನ್ನು ಮಾತ್ರ. ಸ್ವೆಟರಿನ ಬೆನ್ನು, ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದ ಜಡೆ. ಹೊನ್ನೂರಿನ ಕಡೆಗೆ ಹೋಯಿತು. ಹಿಂದೆಯೇ ಒಂದು ವಾಸನೆ ಬಂತು... ಬೆಲ್ಲದ್ದಲ್ಲ. ಹುಣ್ಣಿಗೆ ಉದುರಿಸುವ ಮಾತ್ರೆ ಪುಡಿಯ ವಾಸನೆ.

ಯಾರೋ ಹೆಂಗಸು, ಯಾವುದೋ ಗಾಡಿ ಎಂದುಕೊಂಡೆ. ಅಂದುಕೊಂಡೆನೇ ಹೊರತು ನಂಬಲಿಲ್ಲ. ಎದ್ದು ಕೊಳ್ಳೇಗಾಲಕ್ಕೆ ಹಿಂತಿರುಗಲೂ ಮನಸ್ಸು ಬರಲಿಲ್ಲ, ಆ ಗಾಡಿಯ ಹಿಂದೆ ಹೋಗಲೂ ಧೈರ್ಯ ಬರಲಿಲ್ಲ. ಕಲ್ಲು ಬೆಂಚಿನ ಮೇಲೆ ಮುದುಡಿಕೊಂಡು ಬೆಳಗು ಮಾಡಿದೆ.

ಒಂದು ಮಾತ್ರ ಗಮನಿಸಿದ್ದೆ. ಹನ್ನೆರಡರ ನಂತರ ಗೀತಾ ಮತ್ತೆ ಫೋನು ಮಾಡಲೇ ಇಲ್ಲ.

ಆರು ಗಂಟೆಗೆ ಹೊನ್ನೂರು ಸೇರಿದೆ. ದಾರಿಯಲ್ಲೆಲ್ಲ ಪಂಚರ್ ಕಥೆಯನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಅವರ ಮನೆ ಮುಂದೆ ಬೆಂಕಿ ಹಾಕಿದ್ದರು, ನಾಲ್ಕು ಜನ ಗಂಡಸರು ಸುತ್ತ ಕೂತಿದ್ದರು. ಮುಗಿದಿದೆ ಎಂದು ಗೊತ್ತಾಯಿತು. ಬೈಗುಳಕ್ಕೆ ತಲೆ ಬಗ್ಗಿಸಿಕೊಂಡೇ ಒಳಗೆ ಹೋದೆ.

ಮಾದೇವಮ್ಮ ಗೋಡೆಗೊರಗಿ ಕೂತಿದ್ದವರು ನನ್ನನ್ನು ಕಂಡು ಎದ್ದರು.

"ಬಾರವ್ವ. ಬೆಳಿಗ್ಗೆ ಬತ್ತೀನಿ ಅಂದಿದ್ದೆ, ಅಂಗೇ ಬಂದೆ. ವಸಿನಾರ ಕಣ್ ಮುಚ್ಚುದ್ಯಾ ಇಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಗೀತಾ ಒಂದು ಲೋಟ ಟೀ ತಂದಳು. ರಾತ್ರಿಯೆಲ್ಲ ಒಂದು ತೊಟ್ಟು ನೀರೂ ಕುಡಿಯಲಿಲ್ಲ ನೀವು, ಈಗಲಾದರೂ ಕುಡಿಯಿರಿ ಎಂದಳು.

ನಾನು ಟೀ ಲೋಟ ಹಿಡಿದುಕೊಂಡು ನಂಜಯ್ಯನವರನ್ನು ನೋಡಿದೆ. ಶುಭ್ರವಾಗಿ ಒರೆಸಿದ ಮುಖ. ಒಂದು ಸುಕ್ಕಿಲ್ಲದ ಹಾಗೆ ಎಳೆದು ಹಾಸಿದ ಬಟ್ಟೆ. ಮಂಡಿಯ ನಡುವೆ ಮಡಿಸಿಟ್ಟ ಟವೆಲು. ಗಲ್ಲಕ್ಕೆ ಬ್ಯಾಂಡೇಜ್ ಬಟ್ಟೆ ಕಟ್ಟಿತ್ತು.

ಆ ಗಂಟು...

ಎಲ್ಲರೂ ನೆತ್ತಿಯ ಮೇಲೆ ಕಟ್ಟುತ್ತಾರೆ. ನಾನು ಮಾತ್ರ ಬಲಗಿವಿಯ ಮೇಲ್ಗಡೆ ಕಟ್ಟಿ, ಎರಡೂ ತುದಿಯನ್ನು ಒಳಕ್ಕೆ ಮಡಿಸಿ ಸಿಕ್ಕಿಸುತ್ತೇನೆ, ನೋಡಲು ಬರುವವರಿಗೆ ಗಂಟು ಕಾಣದಿರಲಿ ಎಂದು. ರಾಜಮ್ಮ ಸಿಸ್ಟರೂ ಹಾಗೆ ಕಟ್ಟುವುದಿಲ್ಲ. ನಂಜಯ್ಯನವರ ಬಲಗಿವಿಯ ಮೇಲೆ ಅದೇ ಗಂಟು, ತುದಿ ಒಳಕ್ಕೆ ಮಡಿಸಿದ್ದು, ಕೂತಿತ್ತು. ಬೆರಳಿಟ್ಟು ನೋಡಿದೆ. ನನ್ನ ಕೈಯೇ ಕಟ್ಟಿದ ಹಾಗಿತ್ತು.

ಬಂದವರಿಗೆಲ್ಲ ಗೀತಾ ಹೇಳುತ್ತಿದ್ದಳು, ನಾನೂ ಕೂತು ಕೇಳಿದೆ. ಹನ್ನೆರಡು ದಾಟಿದ ಮೇಲೆ ಸಿಸ್ಟರ್ ಗಾಡಿ ಸದ್ದಾಯಿತಂತೆ. ಬಂದವರೇ ಅಪ್ಪನನ್ನು ಪಕ್ಕಕ್ಕೆ ಹೊರಳಿಸಿ, ಚರ್ಮದ ಕೆಳಗೆ ಇಂಜೆಕ್ಷನ್ ಕೊಟ್ಟರಂತೆ. ಗೊರಗೊರ ತಗ್ಗಿತು. ತುಟಿ ಒದ್ದೆ ಮಾಡುತ್ತ, ಇದು ನೋವಿನ ಸದ್ದಲ್ಲ, ಅವರಿಗೆ ಏನೂ ಹಿಂಸೆ ಆಗುತ್ತಿಲ್ಲ, ಹೆದರಬೇಡಿ ಎಂದು ತಾಯಿ ಮಗಳಿಗೆ ತಿಳಿಸಿ ಹೇಳಿದರು. ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟು, ನೀವಿಬ್ಬರೂ ಹೊರಗೆ ಹೋಗಿ ಎಂದು ಕೈ ಮಾಡಿತು. ಸಿಸ್ಟರೂ ಹೋಗಿ ಎಂದರು. ತಾಯಿ ಮಗಳು ಜಗಲಿಯಲ್ಲಿ ಕೂತರಂತೆ. ಆಮೇಲೆ...

ಆಮೇಲೆ ಅಪ್ಪ ಮಾತಾಡಿತು, ಎಂದಳು ಗೀತಾ.

ಎರಡು ತಿಂಗಳು ಗಾಳಿ ಬಿಟ್ಟು ಬೇರೇನೂ ಹೊರಡದ ಗಂಟಲು. ಒಂದು ಗಂಟೆ ಹೊತ್ತು, ಮೊದಲಿನ ದನಿಯಲ್ಲೇ, ಆಲೆಮನೆಯಿಂದ ಬಂದು ಊಟಕ್ಕೆ ಕೂತಾಗ ಮಾತಾಡುತ್ತಿದ್ದ ಹಾಗೆ. ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ನಡುನಡುವೆ ಸಿಸ್ಟರ್ ಹ್ಞೂಂ, ಹ್ಞೂಂ ಅನ್ನುವುದು ಕೇಳಿಸುತ್ತಿತ್ತು. ಆಮೇಲೆ ಸಿಸ್ಟರ್ ಬಂದು, ಈಗ ಬನ್ನಿ ಎಂದು ಕರೆದು, ಅವ್ವನ ಕೈಯನ್ನು ಅಪ್ಪನ ಕೈಯಲ್ಲಿಟ್ಟರು. ನಾಲ್ಕು ಉಸಿರು. ಅಷ್ಟೇ.

ಟೀ ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು.

ನಾನು ಬಂದಿರಲಿಲ್ಲ ಎಂದು ಆಗಲೇ ಹೇಳಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಆ ಮನೆಯಲ್ಲಿ ಕೂತಿದ್ದವರೆಲ್ಲ ನನ್ನನ್ನು ನೋಡುತ್ತಿದ್ದ ರೀತಿ... ಯಾರೋ ಮುದುಕರು ನನ್ನ ಕಾಲು ಮುಟ್ಟಲು ಬಗ್ಗಿದರು. ಅವರನ್ನು ಹಿಡಿದೆತ್ತಿದೆನೇ ಹೊರತು ಬಾಯಿ ಬಿಡಲಿಲ್ಲ.

ಹೊರಡುವಾಗ ಮಾದೇವಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿ ಕೇಳಿದರು.

"ಅಷ್ಟೊತ್ತು ಮಾತಾಡುದ್ರಲ್ಲವ್ವ... ಮಗೀನ್ ಇಸ್ಯ ಏನಾರ ತೆಗುದ್ರಾ?"

ಅವರ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಈಗಲಾದರೂ ನಿಜ ಹೇಳಬಹುದಿತ್ತು. ಅಥವಾ ನನಗೂ ಸರಿಯಾಗಿ ಕೇಳಿಸಲಿಲ್ಲ ಎನ್ನಬಹುದಿತ್ತು.

"ತೆಗೆದ್ರು" ಎಂದೆ. "ನಿಮ್ದೇನೂ ತಪ್ಪಿಲ್ಲ ಅಂದ್ರು. ಅವತ್ತು ನಾನು ಅವಳನ್ನ ಹಾಗೆ ಕೇಳಬಾರದಿತ್ತು ಅಂದ್ರು."

ಮಾದೇವಮ್ಮ ಅಳಲಿಲ್ಲ. ನನ್ನ ಕೈ ಬಿಟ್ಟು ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕೂತರು. ಅವರ ಹಣೆಯ ಮೇಲೆ ಕೈಯಿಟ್ಟು, ಮನೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ, "ಅದ್ನ ನಂಗೇ ಏಳಿದ್ರೆ ಏನಾಗ್ತಿತ್ತು" ಎಂದರು.

ನಾನು ಸ್ಕೂಟರ್ ಹತ್ತಿ ಅಲ್ಲಿಂದ ಓಡಿ ಬಂದೆ.

ಕೇಂದ್ರಕ್ಕೆ ಬಂದು ಮೊದಲು ವಿಚಾರಿಸಿದ್ದು, ರಾತ್ರಿ ಹೊನ್ನೂರಿಗೆ ಬೇರೆ ಯಾರಾದರೂ ಹೋಗಿದ್ದರೇ ಎಂದು. ರಾಜಮ್ಮ ಸಿಸ್ಟರ್ ಹನೂರಿನಲ್ಲಿ ಒಂದು ಮನೆಯಲ್ಲಿದ್ದರು. ಇನ್ನೊಬ್ಬಳು ರಜೆ ಹಾಕಿ ಊರಿಗೆ ಹೋಗಿದ್ದಳು. ಬ್ಯಾಗು ತೆಗೆದು ನೋಡಿದೆ. ಇಂಜೆಕ್ಷನ್, ಬ್ಯಾಂಡೇಜು ಎಲ್ಲ ಇಟ್ಟಿದ್ದ ಹಾಗೇ ಇದ್ದವು.

ರಿಜಿಸ್ಟರ್ ಬರೆಯಬೇಕಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಗೀತಾ ಹೇಳಿದ್ದನ್ನೇ ಬರೆದೆ. ಹನ್ನೆರಡು ದಾಟಿ ಭೇಟಿ. ಪಕ್ಕಕ್ಕೆ ಹೊರಳಿಸಲಾಯಿತು. ತುಟಿ ಆರೈಕೆ. ಮನೆಯವರಿಗೆ ತಿಳಿವಳಿಕೆ. ಕೊನೆಯವರೆಗೂ ಜೊತೆಗಿದ್ದೆ. ಕೆಳಗೆ ನನ್ನ ಸಹಿ. ಇಂಜೆಕ್ಷನ್ ವಿಷಯ ಮಾತ್ರ ಬರೆಯಲಿಲ್ಲ, ಬ್ಯಾಗಿನಲ್ಲಿ ಅದು ಹಾಗೇ ಇತ್ತಲ್ಲ. ಸುಳ್ಳು ಬರೆಯುವಾಗಲೂ ಅಷ್ಟು ಲೆಕ್ಕಾಚಾರ ನನಗಿತ್ತು.

ರಾಜಮ್ಮ ಸಿಸ್ಟರ್ ಅದನ್ನು ಓದಿದರು. ಗೀತಾ ಅವರಿಗೂ ಫೋನು ಮಾಡಿ ಹೇಳಿದ್ದಳಂತೆ. ಅವರು ಮಾತು ಕಡಿಮೆ. ನನ್ನ ಬೆನ್ನ ಮೇಲೆ ಕೈಯಿಟ್ಟು, ಇಷ್ಟು ದಿನ ನೀನು ಕೊನೆ ಹೊತ್ತಿನಲ್ಲಿ ಜಾರಿಕೊಳ್ಳುವುದು ನನಗೆ ಗೊತ್ತಿತ್ತು, ಕೇಳಿರಲಿಲ್ಲ, ಇವತ್ತು ದಾಟಿದೆ ಬಿಡು ಎಂದರು. ಆ ಕೈ ಬೆನ್ನನ್ನು ಸುಟ್ಟ ಹಾಗಾಯಿತು. ಮುಂದಿನ ವಾರ ಟ್ರೈನಿಂಗಿಗೆ ಬಂದ ಹುಡುಗಿಯರ ಮುಂದೆ ಹೊನ್ನೂರಿನ ಕೇಸನ್ನೇ ಉದಾಹರಣೆ ಹೇಳಿದರು. ಸಾಯುವವರ ಪಕ್ಕ ಕೂರುವುದು ಹೇಗೆಂದು ಇವಳನ್ನು ನೋಡಿ ಕಲಿಯಿರಿ ಎಂದರು. ನಾನು ನೆಲ ನೋಡುತ್ತ ನಿಂತಿದ್ದೆ. ನಾಚಿಕೆ ಸ್ವಭಾವ ಎಂದುಕೊಂಡರು ಆ ಹುಡುಗಿಯರು.

ಹನ್ನೊಂದನೇ ದಿನದ ತಿಥಿಗೆ ಗೀತಾ ಬಂದು ಕರೆದಳು. ಹೋಗದಿದ್ದರೆ ಆಗುತ್ತಿರಲಿಲ್ಲ.

ಮಾದೇವಮ್ಮ ಬೇರೆಯೇ ಹೆಂಗಸಾಗಿದ್ದರು. ಗೋಡೆಯ ಮೇಲೆ ನಂಜಯ್ಯನವರ ಫೋಟೋದ ಪಕ್ಕ ಇನ್ನೊಂದು ಚಿಕ್ಕ ಫೋಟೋ ಹಾಕಿದ್ದರು. ಯಾವುದೋ ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ್ದು, ಕಪ್ಪು ಬೊಟ್ಟಿಟ್ಟ ಒಂದು ಮಗು. ಇಷ್ಟು ವರ್ಷ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಇತ್ತಂತೆ. ಎರಡಕ್ಕೂ ಒಂದೇ ಹೂವಿನ ಹಾರ. ಬಂದವರಿಗೆಲ್ಲ ಕೈ ತೋರಿಸಿ, ಇವ ನನ್ ದೊಡ್ಮಗ ಮಾದೇಶ ಎಂದು ಹೇಳುತ್ತಿದ್ದರು. ಎಲೆ ಹಾಕಿದಾಗ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. ಅರ್ಧಕ್ಕೇ ಎಲೆ ಮಡಿಸಿ ಎದ್ದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗೀತಾ ಹಿಂದೆಯೇ ಬಂದಳು. ಏನೋ ಕೇಳಬೇಕೆಂದು ಬಹಳ ದಿನದಿಂದ ಇಟ್ಟುಕೊಂಡವಳಂತೆ ತಡವರಿಸಿದಳು.

"ಅಕ್ಕ, ಅವತ್ತು ರಾತ್ರಿ ನಿಮ್ಗೆ ನೀರೇನಾರ ಬೇಕೇನೋ ಅಂತ ಒಂದ್ಸಲ ಎದ್ದು ಬಾಗ್ಲು ತಾವ್ಕೆ ಬಂದಿದ್ದೆ. ಅಪ್ಪ ನಿಮ್ ಕೈ ಇಡ್ಕಂಡು ಏಳ್ತಾ ಇತ್ತು... 'ಬೆಳಿಗ್ಗೆ ಆ ಸಿಸ್ಟರ್ ಬತ್ತಳೆ. ಅವ್ಳಿಗೆ ಇದ್ನೆಲ್ಲ ಏಳ್ಬುಡು' ಅಂತ. ನೀವು ಹ್ಞೂಂ ಅಂದ್ರಿ." ಅವಳು ನನ್ನ ಮುಖ ನೋಡಿದಳು. "ಆ ಸಿಸ್ಟರ್ ಅಂದ್ರೆ ಯಾರಕ್ಕ?"

ತೊಟ್ಟಿಯ ಅಂಚು ಹಿಡಿದುಕೊಂಡೆ.

ಔಷಧಿಯ ಮಂಪರಿನಲ್ಲಿ ಹಾಗೆಲ್ಲ ಮಾತಾಡುತ್ತಾರೆ, ಅದಕ್ಕೆ ಅರ್ಥ ಹುಡುಕಬಾರದು ಎಂದೆ. ಗೀತಾ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯದು. ಅದು ನಾನು ಆ ಮನೆಗೆ ಹೇಳಿದ ಮೂರನೇ ಸುಳ್ಳು.

ನಂಜಯ್ಯನವರಿಗೆ ಗೊತ್ತಿತ್ತು. ಪಕ್ಕದಲ್ಲಿ ಕೂತವಳು ನಾನಲ್ಲ ಎಂದು, ನಾನು ಬೆಳಿಗ್ಗೆ ಬರುತ್ತೇನೆ ಎಂದು. ಅವರ ಮಾತು ನನಗೆ ತಲುಪಬೇಕಿತ್ತು. ತಲುಪುವ ಮೊದಲೇ ನಾನೊಂದು ಮಾತು ಕಟ್ಟಿ ಅವರ ಹೆಂಡತಿಗೆ ಕೊಟ್ಟುಬಿಟ್ಟಿದ್ದೆ.

ಒಂದು ತಿಂಗಳಾದ ಮೇಲೆ, ಆದದ್ದಾಗಲಿ, ಎಲ್ಲ ಹೇಳಿಬಿಡುತ್ತೇನೆ ಎಂದು ಮತ್ತೆ ಹೊನ್ನೂರಿಗೆ ಹೋದೆ. ಬಾಗಿಲು ತೆರೆದಿತ್ತು. ಮಾದೇವಮ್ಮ ಒಬ್ಬರೇ ಕೂತು ಅವರೆಕಾಯಿ ಸುಲಿಯುತ್ತ ಆ ಚಿಕ್ಕ ಫೋಟೋದ ಜೊತೆ ಮಾತಾಡುತ್ತಿದ್ದರು. ಕಾಳು ಇನ್ನೂ ಎಳೆಯದು ಕಣಪ್ಪ, ನಿಮ್ಮಪ್ಪಂಗೆ ಬಲಿತದ್ದೇ ಆಗ್ಬೇಕು ಎಂದು ಏನೋ. ದನಿಯಲ್ಲಿ ನಗುವಿತ್ತು. ನಾನು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತು, ಅವರು ನೋಡುವ ಮೊದಲೇ ತಿರುಗಿ ಬಂದುಬಿಟ್ಟೆ.

ಅವರಿಗಾಗಿ ಬಂದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ನನ್ನ ಹೆಸರು ಹಾಳಾಗುವುದು ನನಗೆ ಬೇಡವಾಗಿತ್ತು. ಎರಡರಲ್ಲಿ ಯಾವುದು ಎಷ್ಟು ಎಂದು ಈಗಲೂ ಬಿಡಿಸಿ ನೋಡಲು ನನಗೆ ಆಗುತ್ತಿಲ್ಲ.

ಅವತ್ತಿನಿಂದ ನಾನು ಯಾರ ಕೊನೆಯ ಗಳಿಗೆಯಿಂದಲೂ ತಪ್ಪಿಸಿಕೊಂಡಿಲ್ಲ. ಎದ್ದು ಓಡಬೇಕೆನಿಸಿದರೂ ಕೂರುತ್ತೇನೆ. ಹೊರಳಿಸುತ್ತೇನೆ, ತುಟಿ ಒದ್ದೆ ಮಾಡುತ್ತೇನೆ, ಮನೆಯವರ ಕೈ ತಂದು ಅವರ ಕೈಯಲ್ಲಿಡುತ್ತೇನೆ. ಒಳ್ಳೆಯವಳಾದೆ ಎಂದಲ್ಲ. ನಾನು ಹೋಗದಿದ್ದರೆ ಯಾರು ಹೋಗುತ್ತಾರೋ ಎಂಬ ಭಯ.

ಕಳೆದ ತಿಂಗಳು ಕಾಮಗೆರೆ ದಾಟಿ ಒಳಗೆ ಒಂದು ಹಳ್ಳಿಯಲ್ಲಿ, ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ. ಮೂರು ದಿನದಿಂದ ಅನ್ನ ನೀರು ಬಿಟ್ಟಿದ್ದರು. ಮನೆಯವರು ಬಳಲಿ ನಡುಮನೆಯಲ್ಲಿ ಮಲಗಿದ್ದರು. ನಾನು ಬಾಗಿಲಿಗೆ ಬೆನ್ನು ಹಾಕಿ ಅಜ್ಜಿಯ ಕೈ ಹಿಡಿದು ಕೂತಿದ್ದೆ. ಬೆಳಗಾಗಲು ಇನ್ನೂ ಹೊತ್ತಿತ್ತು.

ಅಜ್ಜಿ ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಆಮೇಲೆ ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿದರು.

"ಇನ್ನೊಬ್ಳು ಸಿಸ್ಟರು ಬಾಗ್ಲಲ್ಲಿ ನಿಂತವ್ಳೆ ಕಣವ್ವ" ಎಂದರು. "ನಿಂಗೇನೋ ಏಳ್ಬೇಕಂತೆ."

ಸಾಯುವವರು ಇಲ್ಲದವರನ್ನು ಕಾಣುವುದು ನಮಗೆ ಹೊಸದಲ್ಲ. ಸತ್ತ ತಾಯಿ, ಸತ್ತ ಗಂಡ ಬಂದಿದ್ದಾರೆ ಎನ್ನುತ್ತಾರೆ. ಸಿಸ್ಟರು ಬಂದಿದ್ದಾಳೆ ಎಂದು ಯಾರೂ ಅಂದದ್ದಿಲ್ಲ.

ನನ್ನ ಕತ್ತಿನ ಹಿಂದೆ ತಣ್ಣಗಾಯಿತು. ಮನೆಯಲ್ಲಿ ಒಂದು ಸದ್ದಿಲ್ಲ. ತಿರುಗಿದರೆ ಸಾಕಿತ್ತು. ನಂಜಯ್ಯ ನಿಜವಾಗಿ ಏನು ಹೇಳಿದರು ಎಂದು ಗೊತ್ತಾಗುತ್ತಿತ್ತು. ನಾನು ಹೇಳಿದ್ದೇ ಆಗಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಅದಲ್ಲವಾಗಿದ್ದರೆ? ಕೊನೆಯಲ್ಲೂ ಅವರು ಕ್ಷಮಿಸದೆ ಹೋಗಿದ್ದರೆ? ಅದನ್ನು ಕೇಳಿಸಿಕೊಂಡು ನಾನು ಏನು ಮಾಡಲಿ... ಮಾದೇವಮ್ಮನ ಗೋಡೆಯಿಂದ ಆ ಫೋಟೋ ಇಳಿಸಲೇ?

"ಒಳಕ್ ಕರೀಲಾ?" ಎಂದರು ಅಜ್ಜಿ.

"ಬೇಡ ಅಜ್ಜಿ" ಎಂದೆ. "ಆಮೇಲೆ ಬರಕ್ಕೆ ಹೇಳಿ."

ಅಜ್ಜಿ ಕಷ್ಟಪಟ್ಟು ಬಲಗೈ ಎತ್ತಿ, ಹೋಗು ಎಂಬಂತೆ ಬಾಗಿಲ ಕಡೆ ಬೀಸಿದರು. ಕೈ ಹಾಸಿಗೆಗೆ ಬಿತ್ತು. ಅವರ ಕಣ್ಣು ಮಾತ್ರ ನಿಧಾನಕ್ಕೆ ಬಾಗಿಲಿನಿಂದ ಕಿಟಕಿಯ ಕಡೆಗೆ, ಕಿಟಕಿಯಿಂದ ಬೀದಿಯ ಕಡೆಗೆ ಸರಿಯಿತು, ನಡೆದು ಹೋಗುವವರನ್ನು ನೋಡುವ ಹಾಗೆ.

"ಓಯ್ತಾವ್ಳೆ" ಎಂದರು. ಆಮೇಲೆ ಕನಿಕರದಿಂದ, "ಅಳ್ತಾ ಓಯ್ತಾವ್ಳಲ್ಲವ್ವ, ಪಾಪ" ಎಂದರು.

ನಾನು ತಿರುಗಿ ನೋಡಲಿಲ್ಲ. ಅಜ್ಜಿಯ ಉಸಿರು ನಿಂತು, ಮತ್ತೆ ಬಂದು, ಮತ್ತೆ ನಿಂತು, ಬೆಳಕು ಹರಿಯುವವರೆಗೂ ಅವರ ಕೈ ಬಿಡದೆ ಗೋಡೆ ನೋಡುತ್ತ ಕೂತಿದ್ದೆ.